ಸೂಜಿ ಯಾಕೆ ಹಾಕಲಿಲ್ಲ, ಡಾಕ್ಟರೇ?

ಪ್ರಿಯ ಡಾಕ್ಟರೇ,

ನಿಮ್ಮ ‘ಎದೆಯೊಳಗಿನ ಶತ್ರು’ ಓದಿದೆ. ಕಾಗುಣಿತದ ತಪ್ಪಿಲ್ಲ, ಹೇಳಿದ ಪದಮಿತಿಯೊಳಗೇ ಮುಗಿಸಿದ್ದೀರಿ, ಗಡುವಿಗೆ ಮೊದಲೇ ಕಳಿಸಿದ್ದೀರಿ. ಇಷ್ಟು ಮಾಡುವವರೂ ಈಗ ಕಡಿಮೆ. ಹೊಗಳಿಕೆ ಇಲ್ಲಿಗೆ ಮುಗಿಯಿತು. ಲೇಖನ ವಾಪಸ್ ಬರುತ್ತಿದೆ. ಎರಡು ಸಾಲಿನ ಮಾಮೂಲಿ ಚೀಟಿ ಹಚ್ಚಿ ಕಳಿಸಬಹುದಿತ್ತು. ಆದರೆ ನನಗೆ ಸಿಟ್ಟು ಬಂದಿದೆ. ಅಷ್ಟು ಒಳ್ಳೆಯ ಸರಕು ಕೈಲಿಟ್ಟುಕೊಂಡು ಹೀಗಾ ಬರೆಯೋದು?

ಈ ಅಂಕಣ ಓದುವ ಬೇರೆಯವರಿಗೂ ವಿಷಯ ಗೊತ್ತಿರಲಿ. ಲೇಖನದಲ್ಲಿರುವುದು 38 ವರ್ಷದ ಒಬ್ಬ ಟೈಲರ್ ಹೆಂಗಸಿನ ಕಥೆ. ಎದೆಮೂಳೆಯ ಹಿಂದೆ, ಹೃದಯದ ಮುಂದೆ ಇರುವ ಥೈಮಸ್ ಗ್ರಂಥಿಯಲ್ಲಿ ಆಕೆಗೆ ಐದು ಸೆಂಟಿಮೀಟರ್ ಗೆಡ್ಡೆ ಬೆಳೆದಿತ್ತು. ಹೆಸರು ಥೈಮೋಮಾ, ಬಲು ಅಪರೂಪದ್ದು. ನೀವು ಟ್ರೈನಿಂಗ್‌ನಲ್ಲಿರುವ ಯೂನಿಟ್ಟಿನಲ್ಲೇ ಆಪರೇಷನ್ ಆಯಿತು. ಆಕೆ ಚೇತರಿಸಿಕೊಂಡರು.

ಈಗ ನಿಮ್ಮ ಮೊದಲ ಸಾಲು. ‘ಮಾನವ ದೇಹವೆಂಬ ಅದ್ಭುತ ಯಂತ್ರದೊಳಗೆ ಕೆಲವೊಮ್ಮೆ ಶತ್ರುಗಳು ಸದ್ದಿಲ್ಲದೆ ನುಸುಳುತ್ತವೆ.’ ಇದನ್ನು ಹೊಡೆದು ಹಾಕಿ. ಯಾವ ಶತ್ರು? ಎಲ್ಲಿಂದ ನುಸುಳಿದ್ದು? ಥೈಮಸ್ ಆಕೆಯದೇ ಗ್ರಂಥಿ. ಸೋಂಕಿನ ಜೊತೆ ಗುದ್ದಾಡುವ ಟಿ ಕೋಶಗಳು ತಯಾರಾಗುವುದೇ ಅಲ್ಲಿ. ಟಿ ಅಂದರೆ ಥೈಮಸ್ಸಿನ ಟಿ. ಹರೆಯ ದಾಟಿದ ಮೇಲೆ ಅದು ಕುಗ್ಗುತ್ತಾ ಕೊಬ್ಬಾಗುತ್ತದೆ. ನಿವೃತ್ತಿಯಾಗಿ ಕೂತ ಗ್ರಂಥಿಯಲ್ಲಿ ಗೆಡ್ಡೆ ಎದ್ದಿದೆ. ಅಷ್ಟು ಹೇಳಿದರೆ ಸಾಕಿತ್ತು. ಮೂರು ಪುಟದಲ್ಲಿ ‘ಸಮರ’ ನಾಲ್ಕು ಸಲ, ‘ರಣಾಂಗಣ’ ಎರಡು ಸಲ ಎಣಿಸಿದೆ. ಆಪರೇಷನ್ ಥಿಯೇಟರಿನಲ್ಲಿ ಯಾರಾದರೂ ಕತ್ತಿ ಬೀಸುವುದನ್ನು ನೋಡಿದ್ದೀರಾ?

ಎರಡನೆಯ ಪ್ಯಾರಾ: ‘ವಿವಿಧ ತಪಾಸಣೆಗಳ ನಂತರ ರೋಗ ಪತ್ತೆಯಾಯಿತು.’

ಪತ್ತೆಯಾಯಿತು! ತಾನಾಗಿಯೇ?

ಏಳನೆಯ ಪ್ಯಾರಾದ ಮೂಲೆಯಲ್ಲಿ ಇನ್ನೊಂದು ಸಾಲು ಸಿಕ್ಕಿತು. ‘ಸಂಜೆಯ ವೇಳೆ ಸೂಜಿಗೆ ದಾರ ಪೋಣಿಸಲು ರೋಗಿಗೆ ಕಷ್ಟವಾಗುತ್ತಿತ್ತು, ಎರಡು ಬಾರಿ ಕನ್ನಡಕ ಬದಲಿಸಿದ್ದರು.’ ನಿಮ್ಮ ಲೇಖನ ಶುರುವಾಗಬೇಕಾದ್ದು ಇಲ್ಲಿಂದ. ಬೆಳಗ್ಗೆ ಸಲೀಸಾಗಿ ಹೊಲಿಯುವಾಕೆಗೆ ಸಂಜೆಯಾದರೆ ರೆಪ್ಪೆ ಜೋತು ಬೀಳುತ್ತದೆ. ಒಂದು ಸೂಜಿ ಎರಡಾಗಿ ಕಾಣುತ್ತದೆ. ರಾತ್ರಿ ಊಟಕ್ಕೆ ಕೂತರೆ ಅರ್ಧ ರೊಟ್ಟಿಗೇ ದವಡೆ ಸೋಲುತ್ತದೆ. ಮಲಗಿ ಎದ್ದರೆ ಮತ್ತೆ ಎಲ್ಲ ಸರಿ. ಮನೆಯವರು ‘ಕೆಲಸ ಜಾಸ್ತಿಯಾಯ್ತು’ ಅಂದರು, ಕನ್ನಡಕದ ಅಂಗಡಿಯವನು ‘ನಂಬರ್ ಬದಲಾಗಿದೆ’ ಅಂದ. ಎದೆನೋವಿಲ್ಲ, ಕೆಮ್ಮಿಲ್ಲ. ಎದೆಯಲ್ಲಿರುವ ಗೆಡ್ಡೆಯ ಸುಳಿವು ಕಣ್ಣಿನ ರೆಪ್ಪೆಯಲ್ಲಿ! ಇದೆಲ್ಲ ನಾನು ಕಟ್ಟಿದ್ದಲ್ಲ, ನಿಮ್ಮ ಲೇಖನದಲ್ಲೇ ಚೂರುಚೂರಾಗಿ ಬಿದ್ದಿದೆ.

ಇದಕ್ಕೆ ಮಯಸ್ತೇನಿಯಾ ಗ್ರೇವಿಸ್ ಅಂತ ಹೆಸರು. ನರ ಕೊಡುವ ಸಂದೇಶ ಸ್ನಾಯುವಿಗೆ ಮುಟ್ಟುವ ಜಾಗವನ್ನು ದೇಹದ್ದೇ ಆ್ಯಂಟಿಬಾಡಿಗಳು ಕೆಡಿಸುತ್ತವೆ. ಈ ಕಾಯಿಲೆಯವರಲ್ಲಿ ನೂರಕ್ಕೆ 10ರಿಂದ 15 ಮಂದಿಗೆ ಥೈಮೋಮಾ ಇರುತ್ತದೆ. ಅದಕ್ಕೇ ಕಾಯಿಲೆ ಖಚಿತವಾದ ಕೂಡಲೇ ಎದೆಗೆ ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ. ನೀವೋ ‘ಸ್ವಪ್ರತಿರಕ್ಷಾ ನರಸ್ನಾಯು ಸಂಧಿ ವಿಕಾರ’ ಅಂತ ಒಂದು ಬಂಡೆ ಉರುಳಿಸಿ ಮುಂದೆ ಹೋಗಿಬಿಟ್ಟಿರಿ. ಓ.ಪಿ.ಡಿ.ಯಲ್ಲಿ ನಿಮ್ಮ ಸೀನಿಯರ್ ಆಕೆಯ ಜೋತ ರೆಪ್ಪೆಯ ಮೇಲೆ ಎರಡು ನಿಮಿಷ ಐಸ್ ಹಿಡಿದರಂತೆ, ತೆಗೆದಾಗ ರೆಪ್ಪೆ ಮೇಲೆದ್ದಿತ್ತಂತೆ. ಈ ಕಾಯಿಲೆಯ ಸುಳಿವೇ ಅದು. ಅದನ್ನು ಒಯ್ದು ಬ್ರಾಕೆಟ್ಟಿನೊಳಗೆ ಹಾಕಿದ್ದೀರಿ!

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಂಡ್ಯ ಕಡೆಯ ಒಂದು ಆಲೆಮನೆಯ ಮೇಲೆ ಬರೆಯಲು ಕಳಿಸಿದ್ದರು. ಹೋದೆ, ಕಬ್ಬಿನಹಾಲು ಕುಡಿದೆ, ಬಿಸಿ ಬೆಲ್ಲ ತಿಂದೆ, ಬಂದು ನಾಲ್ಕು ಪುಟ ಗೀಚಿದೆ. ಅದರಲ್ಲೊಂದು ಸಾಲು: ‘ಹಾಲು ಕುದಿದು ಹದಕ್ಕೆ ಬಂದ ನಂತರ ಅಚ್ಚಿಗೆ ಸುರಿಯುತ್ತಾರೆ.’ ನಮ್ಮ ಹಿರಿಯ ಸಂಪಾದಕರು ಅದರ ಕೆಳಗೆ ಗೆರೆ ಎಳೆದು, ಕನ್ನಡಕದ ಮೇಲಿಂದ ನೋಡಿ, ‘ಹದಕ್ಕೆ ಬಂತು ಅಂತ ಅವನಿಗೆ ಹೇಗಯ್ಯಾ ಗೊತ್ತಾಯ್ತು?’ ಅಂದರು. ನನಗೆ ಗೊತ್ತಿರಲಿಲ್ಲ. ಮಾರನೆಯ ದಿನ ನನ್ನ ದುಡ್ಡಲ್ಲೇ ಬಸ್ ಹತ್ತಿದೆ. ಪಾಕ ನೋಡುವವನು ಕೊಪ್ಪರಿಗೆಯಿಂದ ಚೂರು ತೆಗೆದು ತಣ್ಣೀರಿಗೆ ಬಿಟ್ಟ. ಬೆರಳಲ್ಲಿ ಉಂಡೆ ಮಾಡಲು ನೋಡಿದ. ಅಂಟಿತು. ತಲೆ ಅಲ್ಲಾಡಿಸಿದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಚೂರು. ಈ ಸಲ ಉಂಡೆ ನಿಂತಿತು. ‘ಇಳಿಸ್ರೋ!’ ಅಂತ ಕೂಗಿದ. ಆ ಕೂಗನ್ನು ಬರೆದು ಸೇರಿಸಿದ ಮೇಲೇ ನನ್ನ ಲೇಖನ ಅಚ್ಚಾಗಿದ್ದು. ಎರಡನೆಯ ಸಲದ ಬಸ್ ಚಾರ್ಜು ಮಾತ್ರ ಇವತ್ತಿನವರೆಗೂ ಬಂದಿಲ್ಲ.

ನಿಮ್ಮ ಲೇಖನದಲ್ಲಿ ಪಾಕ ನೋಡುವವರು ಆ ಐಸ್ ಹಿಡಿದ ಡಾಕ್ಟರು. ಅವರನ್ನು ಬ್ರಾಕೆಟ್ಟಿನಿಂದ ಹೊರಗೆ ಕರೆತನ್ನಿ.

ಇನ್ನು ನನ್ನನ್ನು ಹೆಚ್ಚು ಕಾಡಿದ ಸಾಲು: ‘ಬಯಾಪ್ಸಿಯ ಅಗತ್ಯ ಕಂಡುಬರಲಿಲ್ಲ.’ ನಮ್ಮ ಓದುಗರು ಇಲ್ಲಿ ಎದ್ದು ಕೂರುತ್ತಾರೆ. ಕ್ಯಾನ್ಸರ್ ಇರಬಹುದು ಅನ್ನುವಾಗ ಸೂಜಿ ಹಾಕಿ ಚೂರು ತೆಗೆದು ನೋಡುವುದು ಎಲ್ಲರಿಗೂ ಗೊತ್ತಿರುವ ಕ್ರಮ. ಇಲ್ಲಿ ಯಾಕೆ ಬೇಡ? ನನಗೂ ಗೊತ್ತಾಗದೆ ಪರಿಚಯದ ಒಬ್ಬ ಸರ್ಜನ್‌ಗೆ ಫೋನ್ ಮಾಡಿದೆ. ಅವರು ಎರಡು ನಿಮಿಷದಲ್ಲಿ ಬಿಡಿಸಿ ಹೇಳಿದರು. ಗೆಡ್ಡೆ ಇನ್ನೂ ತನ್ನ ಪೊರೆಯೊಳಗೇ ಇದ್ದು, ಪೂರ್ತಿ ತೆಗೆಯಲು ಬರುವಂತಿದ್ದರೆ ಸುಮ್ನೆ ಚುಚ್ಚಬಾರದಂತೆ. ಪೊರೆ ತೂತಾದರೆ ಕೋಶಗಳು ಶ್ವಾಸಕೋಶದ ಸುತ್ತಲಿನ ಜಾಗಕ್ಕೆ ಚೆಲ್ಲುವ ಅಪಾಯ ಇದೆಯಂತೆ. ಆದರೆ ಅದೇ ಜಾಗದಲ್ಲಿ ಲಿಂಫೋಮಾ ಅನ್ನುವ ಬೇರೆ ಜಾತಿಯ ಕ್ಯಾನ್ಸರ್ ಕೂಡ ಬರಬಹುದು. ಅದರ ಗುಮಾನಿ ಇದ್ದರೆ ಚೂರು ತೆಗೆದು ನೋಡಲೇಬೇಕು, ಯಾಕಂದ್ರೆ ಅದಕ್ಕೆ ಮುಖ್ಯವಾಗಿ ಔಷಧಿ, ಕತ್ತರಿ ಅಲ್ಲ. ಅಂದರೆ ಯಾರೋ ಒಬ್ಬರು ಸ್ಕ್ಯಾನ್ ನೋಡಿ, ರೆಪ್ಪೆ ನೋಡಿ, ರಕ್ತದ ರಿಪೋರ್ಟ್ ನೋಡಿ, ‘ಸೂಜಿ ಬೇಡ, ನೇರ ಆಪರೇಷನ್’ ಅಂದಿದ್ದಾರೆ. ಆ ತೀರ್ಮಾನಕ್ಕೆ ಒಬ್ಬ ಮನುಷ್ಯ ಬೇಕು. ‘ಕಂಡುಬರಲಿಲ್ಲ’ ಅಂದರೆ ಯಾರಿಗೆ ಕಂಡುಬರಲಿಲ್ಲ?

ಆಪರೇಷನ್ನಿಗೆ ನೀವು ಕೊಟ್ಟಿದ್ದು ಒಂದೇ ಸಾಲು: ‘ಗೆಡ್ಡೆಯನ್ನು ಯಶಸ್ವಿಯಾಗಿ ಹೊರತೆಗೆಯಲಾಯಿತು.’ 1936ರಲ್ಲಿ ಅಮೆರಿಕದ ಸರ್ಜನ್ ಆಲ್ಫ್ರೆಡ್ ಬ್ಲಾಲಾಕ್ ಇಂಥದ್ದೇ ಕಾಯಿಲೆಯ ಯುವತಿಯೊಬ್ಬಳ ಥೈಮಸ್ ಗೆಡ್ಡೆ ತೆಗೆದ ಕಥೆಗೆ ಹನ್ನೆರಡು ಸಾಲು. ಬ್ಲಾಲಾಕ್ ಎರಡು ಸಾಲಿನಲ್ಲಿ ಇರಲಿ, ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ಉಳಿದ ಜಾಗದಲ್ಲಿ ಫ್ರೆನಿಕ್ ನರದ ಬಗ್ಗೆ ಬರೆಯಿರಿ. ಹೃದಯದ ಚೀಲದ ಎರಡೂ ಬದಿಗೆ ದಾರದ ಹಾಗೆ ಇಳಿದು ಹೋಗುವ ನರ. ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು, ವಪೆಯನ್ನು ಆಡಿಸುವುದು ಅದೇ. ಮೊದಲೇ ಸ್ನಾಯು ಸೋತಿರುವ ಈ ರೋಗಿಯಲ್ಲಿ ಒಂದು ಬದಿಯ ನರ ಪೆಟ್ಟು ತಿಂದರೂ ಉಸಿರಿಗೆ ಕಷ್ಟ. ಗೆಡ್ಡೆಯನ್ನು ಗ್ರಂಥಿ, ಸುತ್ತಲಿನ ಕೊಬ್ಬಿನ ಸಮೇತ ಒಂದೇ ಗಂಟಾಗಿ, ಪೊರೆ ಹರಿಯದಂತೆ ಎತ್ತಬೇಕು, ಈ ದಾರವನ್ನು ಬಿಟ್ಟು. ಕೊಯ್ದ ಜಾಗವನ್ನು ಅಗಲಿಸಿ ಹಿಡಿಯುವ ರಿಟ್ರಾಕ್ಟರ್ ಹಿಡಿದು ನೀವು ಅಲ್ಲೇ ನಿಂತಿದ್ದಿರಿ ಅಲ್ವಾ? ಏನು ಕಂಡಿತು? ಯಾರು ಮಾತು ನಿಲ್ಲಿಸಿದರು?

ಹಂತಗಳ ಪಟ್ಟಿ, ಉಪಶೀರ್ಷಿಕೆಗಳ ತಂಟೆಗೆ ನಾನು ಬರುವುದಿಲ್ಲ. ಕೊನೆಯ ‘ಹೊಸ ಬದುಕು’ ಮಾತ್ರ ತೆಗೆಯಿರಿ. ಗೆಡ್ಡೆ ಹೋದ ಮಾರನೆಯ ದಿನವೇ ಮಯಸ್ತೇನಿಯಾ ಹೋಗುವುದಿಲ್ಲ, ಮಾತ್ರೆ ಮುಂದುವರಿಯುತ್ತದೆ ಅಂತ ನೀವೇ ಮೇಲೆ ಬರೆದಿದ್ದೀರಿ. ಆಕೆ ಮತ್ತೆ ಚೆಕಪ್‌ಗೆ ಬಂದಾಗ, ಈಗ ಸಂಜೆ ಎಷ್ಟು ಗಂಟೆಯವರೆಗೆ ಹೊಲಿಯುತ್ತೀರಿ ಅಂತ ಕೇಳಿ. ಉತ್ತರ ಏನೇ ಇರಲಿ, ಹಾಗೇ ಬರೆಯಿರಿ.

ಸ್ಟೀಲ್ ಟ್ರೇಯಲ್ಲಿ ಗೆಡ್ಡೆ ಇಟ್ಟು ತೆಗೆದ ಫೋಟೊ ನಾವು ಹಾಕುವುದಿಲ್ಲ. ಜನ ಬೆಳಗ್ಗೆ ತಿಂಡಿ ತಿನ್ನುತ್ತಾ ಓದುತ್ತಾರೆ. ಆಕೆ ಒಪ್ಪಿದರೆ ಸ್ಕ್ಯಾನಿನ ಒಂದು ಚಿತ್ರ ಸಾಕು, ಹೆಸರಿನ ಪಟ್ಟಿ ಕತ್ತರಿಸಿ ಕಳಿಸಿ.

ಇತಿ,
ಸಂಪಾದಕ