ಖಾಲಿ ದ್ವೀಪದಲ್ಲಿ ಅಲೆಯುವ ಆಟದಲ್ಲಿ ಎಂತ ಉಂಟು?

ನೀವು ಕೇಳಿದ್ದು ಇಷ್ಟು. ಮಿಸ್ಟ್, ಮಷಿನೇರಿಯಂ ತರಹದ ಕಂಪ್ಯೂಟರ್ ಆಟಗಳಲ್ಲಿ ಹೊಡೆದಾಟ ಇಲ್ಲ, ಸ್ಕೋರ್ ಇಲ್ಲ, ಎಷ್ಟೋ ಹೊತ್ತು ಯಾರೂ ಮಾತಾಡುವುದೂ ಇಲ್ಲ. ಗಂಟೆಗಟ್ಟಲೆ ಅಲೆದು ಯಾವುದೋ ಒಂದು ಬಾಗಿಲು ತೆಗೆಯುವುದು. ಜನ ಇದಕ್ಕೆ ಯಾಕೆ ಇಷ್ಟು ಮರುಳಾಗುತ್ತಾರೆ? ನಾನೂ ಆಡಿ ನೋಡಬೇಕಾ?

ಆಡಿ ನೋಡಿ. ಯಾಕೆ ಅನ್ನುವುದಕ್ಕೆ ಸ್ವಲ್ಪ ಉದ್ದ ಬರೆಯಬೇಕು.

ನಾನು ಮಲ್ಪೆಯಲ್ಲಿ ಒಂದು ಐಸ್ ಪ್ಲಾಂಟಿನ ಲೆಕ್ಕ ಬರೆಯುವವಳು. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಮೀನು ಹಿಡಿಯುವ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಬೋಟು ಹೋಗದಿದ್ದರೆ ಐಸ್ ಯಾರಿಗೆ ಬೇಕು? ಧಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ. ನಾನು ಮಧ್ಯಾಹ್ನವೇ ಮನೆಗೆ ಬಂದುಬಿಡುತ್ತೇನೆ. ಹೊರಗೆ ಜಡಿಮಳೆ. ವರ್ಷದಲ್ಲಿ ನಾನು ಆಟ ಆಡುವುದು ಆ ಎರಡು ತಿಂಗಳು ಮಾತ್ರ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿಯಾಯಿತು, ಹೀಗೇ ನಡೆದು ಬಂದಿದೆ.

ಮಿಸ್ಟ್ ನನ್ನ ಕೈಗೆ ಸಿಕ್ಕಿದ್ದು 2002ರ ಮಳೆಗಾಲದಲ್ಲಿ. ದುಬೈಯಲ್ಲಿದ್ದ ಅಣ್ಣ ರಜೆಗೆ ಬಂದಾಗ ಸಿಡಿ ತಂದಿದ್ದ. ಆಟ ಅದಕ್ಕಿಂತ ಹಳೆಯದು. 1993ರಲ್ಲಿ ಅಮೆರಿಕದ ರ್ಯಾಂಡ್ ಮಿಲ್ಲರ್, ರಾಬಿನ್ ಮಿಲ್ಲರ್ ಎಂಬ ಅಣ್ಣತಮ್ಮಂದಿರು ಮಾಡಿದ್ದು. ಶುರುವಾದಾಗ ನೀವು ಒಂದು ದ್ವೀಪದ ಕಟ್ಟೆಯ ಮೇಲೆ ಒಬ್ಬರೇ ನಿಂತಿರುತ್ತೀರಿ. ಅಲೆ ಕಟ್ಟೆಗೆ ಬಡಿಯುವ ಸದ್ದು, ಗಾಳಿಯ ಸದ್ದು. ಗುಡ್ಡದ ಮೇಲೆ ಮನುಷ್ಯನಿಗಿಂತ ಎತ್ತರದ ಹಲ್ಲಿನ ಚಕ್ರಗಳು. ಮೇಲೆ ಹೋಗಲು ಮೆಟ್ಟಿಲು. ಎಂತ ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. ಸಾಯುವ ಭಯ ಇಲ್ಲ, ಗಡಿಯಾರ ಓಡುತ್ತಿಲ್ಲ.

ನನಗೆ ತಕ್ಷಣ ನೆನಪಾದದ್ದು ನಮ್ಮ ಸೈಂಟ್ ಮೇರೀಸ್ ದ್ವೀಪ. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಅಲ್ಲಿ ಆರು ಮುಖದ ಕಲ್ಲಿನ ಕಂಬಗಳು ಸಾಲುಸಾಲಾಗಿ ನಿಂತಿವೆ. ಲಾವಾ ತಣ್ಣಗಾಗುವಾಗ ಬಿರುಕು ಬಿಟ್ಟು ಆದ ಆಕಾರ ಅಂತ ಆಮೇಲೆ ಓದಿದೆ. ಸಣ್ಣವಳಿದ್ದಾಗ ಮಾತ್ರ ಯಾರೋ ಬೇಕೆಂದೇ ಜೋಡಿಸಿಟ್ಟ ಹಾಗೆ ಕಾಣುತ್ತಿತ್ತು. ಒಂದು ಸರಿಯಾದ ಕಂಬ ಒತ್ತಿದರೆ ಏನೋ ತೆರೆದುಕೊಳ್ಳುತ್ತದೆ ಅಂತ ಒಂದೊಂದನ್ನೇ ಅಂಗೈಯಿಂದ ಒತ್ತಿ ನೋಡಿದ್ದೆ. ಮಿಸ್ಟ್ ಶುರುವಾದಾಗ ಅದೇ ಆಸೆ ತಿರುಗಿ ಬಂತು. ಇಲ್ಲಿ ಒತ್ತಿದ್ದು ನಿಜವಾಗಿ ತೆರೆಯುತ್ತಿತ್ತು.

ಆ ಆಟದ ಮೌನಕ್ಕೆ ಒಂದು ಕಾರಣ ಉಂಟು. ಆಗಿನ ಸಿಡಿ ಡ್ರೈವ್‌ಗಳು ತುಂಬ ನಿಧಾನ. ಓಡಾಡುವ ದೃಶ್ಯ ತೋರಿಸುವಷ್ಟು ಶಕ್ತಿ ಕಂಪ್ಯೂಟರಿಗೂ ಇರಲಿಲ್ಲ. ಹಾಗಾಗಿ ಸುಮಾರು 2500 ನಿಂತ ಚಿತ್ರಗಳನ್ನು ಒಂದಕ್ಕೊಂದು ಪೋಣಿಸಿದರು. ಕ್ಲಿಕ್ ಮಾಡಿದರೆ ಮುಂದಿನ ಚಿತ್ರ. ಮನುಷ್ಯರನ್ನು ನಡೆದಾಡಿಸುವುದು ಕಷ್ಟ, ಅದಕ್ಕೇ ದ್ವೀಪ ಖಾಲಿ. ಖಾಲಿ ಆದದ್ದರಿಂದಲೇ ನೋಡುವವರು ಪ್ರತಿ ಚಿತ್ರದ ಮುಂದೆ ನಿಂತರು. ಮುಂದೆ ವರ್ಷಗಟ್ಟಲೆ ಅತಿ ಹೆಚ್ಚು ಮಾರಾಟವಾದ ಕಂಪ್ಯೂಟರ್ ಆಟ ಅದೇ ಆಗಿತ್ತು.

ಈಗ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ. ನನಗೆ ಅದು ತಿಳಿದದ್ದು ನನ್ನ ಅಮ್ಮನಿಂದ.

ಮಿಸ್ಟ್‌ನಲ್ಲಿ ಒಂದು ಕಡೆ ನೆಲದೊಳಗೆ ಸುರಂಗ ಉಂಟು. ಹಳಿಯ ಮೇಲೆ ಹೋಗುವ ಒಂದು ಗಾಡಿಯಲ್ಲಿ ಕೂರಬೇಕು. ಪ್ರತಿ ಕವಲಿನಲ್ಲಿ ಯಾವ ಕಡೆ ತಿರುಗಬೇಕು ಅಂತ ನಾವೇ ಆರಿಸಬೇಕು. ಸುತ್ತ ಎಲ್ಲಿ ನೋಡಿದರೂ ಒಂದೇ ತರಹದ ಕಲ್ಲು. ನಾಲ್ಕು ದಿನ ನಾನು ಅದರೊಳಗೇ ಸುತ್ತಿದೆ. ಪುಸ್ತಕದಲ್ಲಿ ನಕ್ಷೆ ಬರೆದೆ, ಹರಿದೆ, ಮತ್ತೆ ಬರೆದೆ. ಅಮ್ಮ ಅದೇ ಕೋಣೆಯಲ್ಲಿ ಕಡುಬು ಬೇಯಿಸಲು ಹಲಸಿನ ಎಲೆಗೆ ಕಡ್ಡಿ ಚುಚ್ಚಿ ಕೊಟ್ಟೆ ಕಟ್ಟುತ್ತಾ ಕೂತಿದ್ದಳು. ಪರದೆಯ ಕಡೆ ಮುಖವೂ ಇರಲಿಲ್ಲ. ಐದನೆಯ ದಿನ ಕೇಳಿದಳು, "ಆ ಶಬ್ದ ಮೊನ್ನೆ ತಿರುಗುವ ಕೋಟೆಯಲ್ಲಿ ಬರ್ತಿತ್ತಲ್ಲ ಮಗಾ, ಅದೇ ಅಲ್ವಾ?"

ನಾನು ಕೈ ಬಿಟ್ಟು ಕೂತೆ. ಹೌದು, ಗಾಡಿ ನಿಂತ ಪ್ರತಿ ಕವಲಿನಲ್ಲಿ ಒಂದು ಸದ್ದು ಬರುತ್ತಿತ್ತು. ನಾನು ಅದನ್ನು ಯಂತ್ರದ ಸದ್ದು ಅಂತ ಬಿಟ್ಟುಬಿಟ್ಟಿದ್ದೆ. ಅದಕ್ಕೂ ಮೊದಲು, ಆ ದ್ವೀಪದಿಂದ ಹೋಗುವ ಇನ್ನೊಂದು ಲೋಕದಲ್ಲಿ ಒಂದು ಕೋಟೆ ಬಂದಿತ್ತು. ಒಳಗಿನಿಂದಲೇ ಅದನ್ನು ತಿರುಗಿಸಬೇಕು, ಹೊರಗಿನದು ಕಾಣುವುದಿಲ್ಲ. ಉತ್ತರಕ್ಕೆ ನಿಂತರೆ ಒಂದು ಸದ್ದು, ದಕ್ಷಿಣಕ್ಕೆ ಇನ್ನೊಂದು. ಹೀಗೆ ನಾಲ್ಕು ದಿಕ್ಕಿಗೆ ನಾಲ್ಕು ಸದ್ದು. ಸುರಂಗದಲ್ಲಿ ಅದೇ ಸದ್ದುಗಳು ದಾರಿ ಹೇಳುತ್ತಿದ್ದವು. ಎರಡು ಸದ್ದು ಒಟ್ಟಿಗೆ ಬಂದರೆ ನಡುವಿನ ದಿಕ್ಕು. ಅಮ್ಮ ಹೇಳಿದ ಮೇಲೆ ನಾವು ಸ್ವಲ್ಪ ಹೊತ್ತಿನಲ್ಲೇ ಹೊರಗೆ ಬಂದೆವು.

ಅವಳಿಗೆ ಅದು ಹೇಗೆ ಹೊಳೆಯಿತು ಅಂತ ನನಗೆ ಗೊತ್ತು. ನಮ್ಮ ಕಡೆ ಆಟ ಅಂದರೆ ಮೊದಲು ನೆನಪಾಗುವುದು ಯಕ್ಷಗಾನ. ರಾತ್ರಿ ದೂರದ ಗದ್ದೆಯಲ್ಲಿ ಬಯಲಾಟ ನಡೆಯುತ್ತಿದ್ದರೆ ಅಮ್ಮ ಚಾಪೆಯ ಮೇಲೆ ಮಲಗಿಕೊಂಡೇ ಚೆಂಡೆ ಕೇಳುತ್ತಾಳೆ. "ಈಗ ಬಣ್ಣದ ವೇಷ ಬಂತು ನೋಡು" ಅನ್ನುತ್ತಾಳೆ. ರಂಗಸ್ಥಳ ನೋಡಬೇಕಾಗಿಲ್ಲ. ಅವಳ ಕಿವಿಗೆ ಸದ್ದು ಅಂದರೆ ಸುದ್ದಿ.

ಒಳ್ಳೆಯ ಒಗಟಿನ ಆಟ ಮಾಡುವುದು ಇದನ್ನೇ. ಅದರಲ್ಲಿ ಗಾಳಿ, ಬೆಳಕು, ಸದ್ದು, ಗೋಡೆಯ ಬಣ್ಣ ಯಾವುದೂ ಸುಮ್ನೆ ಅಲಂಕಾರಕ್ಕೆ ಇಟ್ಟದ್ದಲ್ಲ. ಆ ವಾತಾವರಣದಲ್ಲೇ ಸುಳಿವು ಉಂಟು. ನೀವು ಆ ಜಾಗದಲ್ಲಿ ಎಷ್ಟು ಮನಸ್ಸಿಟ್ಟು ಇರುತ್ತೀರೋ ಅಷ್ಟು ಬಾಗಿಲು ತೆರೆಯುತ್ತದೆ. ಬೇರೆ ಆಟಗಳಲ್ಲಿ ಬೆರಳು ಚುರುಕಾದರೆ ಗೆಲ್ಲುತ್ತೀರಿ. ಇಲ್ಲಿ ಆ ಊರು ನಿಮಗೆ ನಿಮ್ಮ ಮನೆಯ ಅಂಗಳದಷ್ಟು ಪರಿಚಯ ಆಗಬೇಕು.

ಈ ಮಾತಿಗೆ ನನಗೆ ಗೊತ್ತಿರುವ ಅತಿ ದೊಡ್ಡ ಉದಾಹರಣೆ ರಿವೆನ್. ಮಿಸ್ಟ್‌ನ ಮುಂದಿನ ಭಾಗ, 1997ರದ್ದು. ಐದು ದ್ವೀಪ, ಐದು ಸಿಡಿ. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವಾಗ ಸಿಡಿ ಬದಲಿಸಬೇಕಿತ್ತು. ಅಲ್ಲಿನ ಜನರ ಅಂಕೆಗಳೇ ಬೇರೆ, ನಮಗೆ ಓದಲು ಬರುವುದಿಲ್ಲ. ಅದನ್ನು ಕಲಿಯುವ ಜಾಗ ಊರಿನ ಮಕ್ಕಳ ಶಾಲೆ. ಖಾಲಿ ತರಗತಿಯಲ್ಲಿ ಒಂದು ಆಟಿಕೆ ಇಟ್ಟಿದೆ. ಕೆಳಗೆ ಬಾಯಿ ತೆರೆದ ಒಂದು ಸಮುದ್ರಪ್ರಾಣಿ, ಮೇಲೆ ದಾರದಲ್ಲಿ ತೂಗುವ ಸಣ್ಣ ಮನುಷ್ಯ. ಹಿಡಿ ತಿರುಗಿಸಿದರೆ ಒಂದು ಚಿಹ್ನೆ ಬರುತ್ತದೆ. ಆಮೇಲೆ ಆ ಮನುಷ್ಯ ಟಕ್ ಟಕ್ ಅಂತ ಅಷ್ಟೇ ಹೆಜ್ಜೆ ಕೆಳಗೆ ಇಳಿಯುತ್ತಾನೆ. ಮೂರು ಟಕ್ ಆದರೆ ಆ ಚಿಹ್ನೆ ಮೂರು. ಕೊನೆಗೆ ಪ್ರಾಣಿಯ ಬಾಯಿಗೆ ಬೀಳುತ್ತಾನೆ.

ಆ ಆಟಿಕೆ ಕಲಿಸುವುದು ಹತ್ತರವರೆಗೆ ಮಾತ್ರ. ಅದರ ಮುಂದಿನ ಅಂಕೆ ನೀವೇ ಊಹಿಸಬೇಕು. ಒಂದು ಅಂದರೆ ಚೌಕದೊಳಗೆ ನಿಂತ ಗೆರೆ. ಐದು ಅಂದರೆ ಅದೇ ಗೆರೆ ಅಡ್ಡ ಮಲಗಿದ್ದು. ಎರಡನ್ನೂ ಸೇರಿಸಿ ಬರೆದರೆ ಆರು. ಇದು ಹೊಳೆದ ಸಂಜೆ ನಾನು ಎದ್ದು ಅಡುಗೆಮನೆಗೆ ಹೋಗಿ ಅಮ್ಮನಿಗೆ ಹಿಟ್ಟಿನ ಮೇಲೆ ಬೆರಳಿನಿಂದ ಬರೆದು ತೋರಿಸಿದೆ. ಆದರೆ ಆ ಆಟಿಕೆ ನನ್ನನ್ನು ಕಾಡಿದ್ದು ಲೆಕ್ಕಕ್ಕಲ್ಲ. ಊರನ್ನು ಆಳುವವನು ಮಕ್ಕಳಿಗೆ ಎಣಿಕೆ ಕಲಿಸುವುದೂ ಹೆದರಿಸಿಯೇ ಅಂತ ಅದರಿಂದ ತಿಳಿಯುತ್ತದೆ. ಆಳುವವನನ್ನು ಇನ್ನೂ ನೋಡೇ ಇಲ್ಲ, ಆಗಲೇ ಅವನು ಎಂಥವನು ಅಂತ ಗೊತ್ತಾಯಿತು. ಒಂದು ಗೊಂಬೆಯಲ್ಲಿ ಗಣಿತವೂ ಉಂಟು, ಕಥೆಯೂ ಉಂಟು, ಭಯವೂ ಉಂಟು.

ಇದು ಇಲ್ಲದ ಆಟಗಳೂ ಬೇಕಾದಷ್ಟಿವೆ. ಚಂದದ ಹಳೆ ಬಂಗಲೆ ತೋರಿಸುತ್ತಾರೆ, ಬಾಗಿಲಿಗೆ ಸಂಬಂಧವೇ ಇಲ್ಲದ ಚೌಕ ಜರುಗಿಸುವ ಒಗಟು ಅಂಟಿಸಿರುತ್ತಾರೆ. ಅದನ್ನು ಬಂಗಲೆಯಲ್ಲಿ ಬಿಡಿಸಿದರೂ ಒಂದೇ, ಬಸ್ಸಿನಲ್ಲಿ ಬಿಡಿಸಿದರೂ ಒಂದೇ. ಅಂಥದ್ದು ಆಡಿ ಬೇಜಾರಾಗಿದ್ದರೆ ನಿಮ್ಮ ಪ್ರಶ್ನೆ ಸರಿಯೇ.

ಇನ್ನೊಂದು ವಿಷಯ. ಈ ಆಟಗಳಲ್ಲಿ ನಿಮ್ಮ ಸಂಪಾದನೆ ಅಂದರೆ ನಿಮಗೆ ತಿಳಿದದ್ದು, ಅಷ್ಟೇ. ಕೊನೆಯ ಗುಟ್ಟು ಗೊತ್ತಿದ್ದರೆ ಮಿಸ್ಟ್ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಆ ಬಾಗಿಲು ಮೊದಲ ದಿನದಿಂದ ಅಲ್ಲೇ ಇರುತ್ತದೆ, ನಮಗೆ ಗೊತ್ತಿರುವುದಿಲ್ಲ. 2019ರಲ್ಲಿ ಬಂದ ಔಟರ್ ವೈಲ್ಡ್ಸ್ ಇದನ್ನು ಇನ್ನೂ ಮುಂದೆ ಒಯ್ದಿತು. ಅದರಲ್ಲಿ ಪ್ರತಿ 22 ನಿಮಿಷಕ್ಕೆ ಸೂರ್ಯ ಸಿಡಿದು ಎಲ್ಲ ಮುಗಿಯುತ್ತದೆ, ಮತ್ತೆ ಅದೇ ಬೆಂಕಿಯ ಪಕ್ಕ ಎಚ್ಚರವಾಗುತ್ತದೆ. ಹೊಸ ಆಯುಧ ಇಲ್ಲ, ಹೊಸ ಶಕ್ತಿ ಇಲ್ಲ. ಹಿಂದಿನ ಸಲ ಏನು ಕಂಡಿರಿ ಅನ್ನುವುದು ಮಾತ್ರ ಉಳಿಯುತ್ತದೆ.

ಹಾಗಾಗಿ ಕಂಪ್ಯೂಟರ್ ಬಂದ್ ಮಾಡಿದ ಮೇಲೂ ಆಟ ನಿಲ್ಲುವುದಿಲ್ಲ. ನಮ್ಮಲ್ಲಿ ಸಿಡಿಲು ಶುರುವಾದರೆ ಮೊದಲು ಎಲ್ಲ ಪ್ಲಗ್ ಕೀಳಬೇಕು. ಆಮೇಲೆ ಕರೆಂಟೂ ಹೋಗುತ್ತದೆ. ಕತ್ತಲಲ್ಲಿ ಹಂಚಿನ ಮೇಲೆ ಮಳೆ ಸುರಿಯುತ್ತಿರುತ್ತದೆ, ನಾನು ಮಲಗಿಕೊಂಡು ಆ ದ್ವೀಪದಲ್ಲಿ ನಡೆಯುತ್ತಿರುತ್ತೇನೆ. ಎಷ್ಟೋ ಒಗಟು ನನಗೆ ಹೊಳೆದದ್ದು ಹೀಗೆ, ಪ್ಲಗ್ ಕಿತ್ತ ಮೇಲೆ.

ನಾನು ತುಂಬ ಪ್ರೀತಿಸುವ ಇನ್ನೊಂದು ಆಟ 2018ರ ರಿಟರ್ನ್ ಆಫ್ ದಿ ಓಬ್ರಾ ಡಿನ್. ಲೂಕಸ್ ಪೋಪ್ ಮಾಡಿದ್ದು, ಪೂರ್ತಿ ಕಪ್ಪುಬಿಳುಪು. ಕಥೆ ನಡೆಯುವುದು 1807ರಲ್ಲಿ. ಕಾಣೆಯಾಗಿದ್ದ ಹಡಗೊಂದು ಜನರಿಲ್ಲದೆ ತೇಲಿಕೊಂಡು ಬಂದಿದೆ. ಅದರಲ್ಲಿದ್ದ 60 ಜನರಿಗೆ ಏನಾಯಿತು ಅಂತ ಕಂಡುಹಿಡಿಯುವುದು ನಿಮ್ಮ ಕೆಲಸ. ಸಾವಿನ ಹಿಂದಿನ ಕೆಲವು ಕ್ಷಣದ ಸದ್ದು ಕೇಳಿಸುತ್ತದೆ, ಆಮೇಲೆ ಆ ಸಾವಿನ ಕ್ಷಣ ಹಾಗೇ ನಿಂತುಬಿಟ್ಟಿರುತ್ತದೆ. ಅದರೊಳಗೆ ನೀವು ಓಡಾಡಿ ನೋಡಬೇಕು. ಯಾರ ಮಾತಿನ ಧಾಟಿ ಯಾವ ದೇಶದ್ದು, ಯಾರ ಕಾಲಲ್ಲಿ ಎಂಥ ಶೂ, ಯಾರು ಯಾವ ನಂಬರಿನ ತೂಗುಹಾಸಿಗೆಯಲ್ಲಿ ಮಲಗುತ್ತಿದ್ದರು, ಇಂಥದ್ದೇ ಸುಳಿವು. ಮೂರು ಜನರದ್ದು ಸರಿಯಾದಾಗ ಮಾತ್ರ ಆಟ ಒಪ್ಪಿಕೊಳ್ಳುತ್ತದೆ.

ಧಕ್ಕೆಯಲ್ಲಿ ಕೆಲಸ ಮಾಡುವ ನನಗೆ ಅದು ಪರದೇಶದ ಕಥೆ ಅನಿಸಲಿಲ್ಲ. ಬೆಳಗಿನ ಜಾವ ಐಸ್ ತುಂಬಿಸಲು ಬರುವ ತಂಡೇಲರಲ್ಲಿ, ಅಂದರೆ ಬೋಟು ನಡೆಸುವವರಲ್ಲಿ, ಎಷ್ಟೋ ಜನರ ಮುಖ ನಾನು ಸರಿಯಾಗಿ ನೋಡಿಲ್ಲ. ಕೌಂಟರಿನ ಆಚೆ ಕೆಮ್ಮು ಕೇಳಿದರೆ ಯಾವ ಬೋಟು ಅಂತ ಗೊತ್ತಾಗುತ್ತದೆ. ಆಟ ಮುಗಿಸಿದ ಆಗಸ್ಟ್ ತಿಂಗಳಲ್ಲಿ ನಾನು ಅವರನ್ನೆಲ್ಲ ಇನ್ನೂ ಸರಿಯಾಗಿ ನೋಡಿದೆ. ಒಬ್ಬರ ಎಡಗೈಯ ಎರಡು ಬೆರಳು ಮಡಚುವುದಿಲ್ಲ ಅಂತ ನನಗೆ ಕಂಡದ್ದು ಆಗಲೇ. ಏಳು ವರ್ಷ ಅವರ ಕೈಯಿಂದ ದುಡ್ಡು ತೆಗೆದುಕೊಂಡಿದ್ದೆ.

ಒಂದು ತಪ್ಪು ಮಾತ್ರ ನೀವು ಮಾಡಬೇಡಿ. 2004ರಲ್ಲಿ ರಿವೆನ್‌ನ ಪ್ರಾಣಿಗಳ ಒಗಟಿನಲ್ಲಿ ಸಿಕ್ಕಿಕೊಂಡು, ಉಡುಪಿಯ ಸೈಬರ್ ಸೆಂಟರಿಗೆ ಹೋಗಿ ಉತ್ತರ ಹುಡುಕಿ ಚೀಟಿಯಲ್ಲಿ ಬರೆದುಕೊಂಡು ಬಂದೆ. ಬಾಗಿಲು ತೆರೆಯಿತು. ಅಮ್ಮ, "ಹೇಗೆ ಸಿಕ್ಕಿತು?" ಅಂದಳು. ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಇಬ್ಬರೂ ಸೇರಿ ಬಿಡಿಸಬೇಕಾಗಿದ್ದ ಒಗಟು, ನಾನು ಹಾಳು ಮಾಡಿದೆ. ಆ ಬೇಸರ ಬಹಳ ವರ್ಷ ಇತ್ತು. 2024ರಲ್ಲಿ ರಿವೆನ್ ಹೊಸದಾಗಿ ಬಂತು, ಕೆಲವು ಒಗಟುಗಳನ್ನೂ ಬದಲಿಸಿದ್ದಾರೆ. ಅದನ್ನು ಅಮ್ಮನ ಜೊತೆ ಮೊದಲಿಂದ ಆಡಿದೆ. ಈ ಸಲ ಎಲ್ಲೂ ನೋಡಲಿಲ್ಲ.

ಶುರು ಮಾಡಲು ಮಷಿನೇರಿಯಂ ಒಳ್ಳೆಯದು. 2009ರದ್ದು, ಜೆಕ್ ದೇಶದ ಅಮಾನಿಟಾ ಡಿಸೈನ್‌ನವರು ಮಾಡಿದ್ದು. ಹಳೆ ಕಂಪ್ಯೂಟರಿನಲ್ಲೂ ನಡೆಯುತ್ತದೆ. ತುಕ್ಕು ಹಿಡಿದ ಊರಿನಲ್ಲಿ ಒಬ್ಬ ಪುಟ್ಟ ರೋಬೋ, ಮೈಯನ್ನು ಉದ್ದ ಗಿಡ್ಡ ಮಾಡಿಕೊಂಡು ಓಡಾಡುತ್ತಾನೆ. ಮಾತೇ ಇಲ್ಲ, ಹೇಳಬೇಕಾದ್ದೆಲ್ಲ ತಲೆಯ ಮೇಲಿನ ಗುಳ್ಳೆಯಲ್ಲಿ ಚಿತ್ರವಾಗಿ ಬರುತ್ತದೆ. ಹಾಗಾಗಿ ಇಂಗ್ಲಿಷಿನ ಗೊಡವೆ ಇಲ್ಲದೆ ಮನೆಯವರೆಲ್ಲ ಒಟ್ಟಿಗೆ ಆಡಬಹುದು. ಏನೂ ಮಾಡದೆ ಸುಮ್ನೆ ನಿಲ್ಲಿಸಿದರೆ ಅವನು ತನ್ನ ಹಳೆಯದನ್ನು ನೆನೆಸಿಕೊಳ್ಳುತ್ತಾನೆ. ಓಡಿಕೊಂಡೇ ಆಡಿದವರಿಗೆ ಅದು ಕಾಣುವುದಿಲ್ಲ. ಲಿಂಬೋ, ಇನ್‌ಸೈಡ್ ಅಂತ ಇನ್ನೆರಡು ಹೆಸರು ನಿಮ್ಮ ಕಿವಿಗೆ ಬೀಳಬಹುದು. ಒಳ್ಳೆಯ ಆಟಗಳೇ, ಆದರೆ ಅವುಗಳಲ್ಲಿ ಹುಡುಗ ಮತ್ತೆ ಮತ್ತೆ ಸಾಯುತ್ತಾನೆ. ನನಗೆ ಅದನ್ನು ನೋಡುತ್ತಾ ಕೂರಲು ಆಗುವುದಿಲ್ಲ.

ಹೆಡ್‌ಫೋನ್ ಹಾಕಿಕೊಳ್ಳಿ, ಇಬ್ಬರಿದ್ದರೆ ಸ್ಪೀಕರ್. ಪಕ್ಕದಲ್ಲಿ ಒಂದು ನೋಟ್‌ಬುಕ್, ಪೆನ್ಸಿಲ್. ಮೊದಲ ದಿನ ಒಂದು ಬಾಗಿಲೂ ತೆರೆಯದಿದ್ದರೆ ಗಾಬರಿ ಬೇಡ ಮಾರ್ರೆ, ಬಂದ್ ಮಾಡಿ ಮಲಗಿ. ಎಲ್ಲಿ ಸಿಕ್ಕಿಕೊಂಡಿರಿ ಅಂತ ಇದರ ಕೆಳಗೆ ಬರೆಯಿರಿ. ಉತ್ತರ ಹೇಳುವುದಿಲ್ಲ. ನೋಡಬೇಕಾದ್ದೋ ಕೇಳಬೇಕಾದ್ದೋ ಅಂತ ಅಷ್ಟು ಮಾತ್ರ ಹೇಳುತ್ತೇನೆ.