ಎಫ್/2 ಟೆಲಿಸ್ಕೋಪಿಗೆ 3 ನ್ಯಾನೊಮೀಟರ್ ಫಿಲ್ಟರಾ, 7ರದ್ದಾ?

ನೆಬ್ಯುಲಾದ (ಆಕಾಶದ ಅನಿಲ-ಧೂಳಿನ ಮೋಡದ) ಫೋಟೋ ತೆಗೀಲಿಕ್ಕೆ ನಿಮ್ಮ ರಾಸಾ 8 ಟೆಲಿಸ್ಕೋಪಿಗೆ ಯಾವ ಫಿಲ್ಟರ್ ಅಂತ ಕೇಳಿದ್ರಿ. ಅದು ಎಫ್/2, ಅಂದ್ರೆ ಫೋಕಲ್ ದೂರ ಅದ್ರ ಬಾಯಿಯ ಅಗಲದ ಎರಡೇ ಪಟ್ಟು. ಫಿಲ್ಟರ್ ಒಳಗೆ ಬಿಡೋ ಬೆಳಕಿನ ಬ್ಯಾಂಡ್ ಎಷ್ಟು ನ್ಯಾನೊಮೀಟರ್ ಅಗಲ ಅನ್ನೋದು ಆಮೇಲಿನ ಮಾತು ಮಾರಾಯ್ರೇ, ಮೊದಲು ಆ ಫಿಲ್ಟರ್ ಎಫ್/2ಕ್ಕೆ ಅಂತ್ಲೇ ಮಾಡಿದ್ದಾ ಕೇಳಿ. ನಾನು ಕೇಳ್ಲಿಲ್ಲ. ಮಂಗಳೂರಲ್ಲಿ ಮನೆ ತಾರಸಿಯಿಂದ ತೆಗೆಯೋದು, ಸುತ್ತ ಲೈಟು, ಬ್ಯಾಂಡ್ ಸಣ್ಣ ಆದಷ್ಟು ಒಳ್ಳೇದು ಅಂತ 135 ಎಂಎಂ ಎಫ್/2 ಲೆನ್ಸಿನ ಹಿಂದೆ ಮಾಮೂಲಿ 3 ನ್ಯಾನೊಮೀಟರಿನ ಎಚ್-ಆಲ್ಫಾ (ಹೈಡ್ರೋಜನಿನ ಕೆಂಪು ಬೆಳಕು ಬಿಡೋ ಫಿಲ್ಟರ್) ಹಾಕಿದೆ. ರೋಸೆಟ್ ನೆಬ್ಯುಲಾ ತೆಗೆದ್ರೆ ನಕ್ಷತ್ರ ಎಲ್ಲ ಚಂದ ಬರ್ತದೆ, ನೆಬ್ಯುಲಾ ಮಾತ್ರ ಮಸುಕು. ಗಾಳಿಯಲ್ಲಿ ತೇವ ಜಾಸ್ತಿ ಉಂಟು, ಅದಕ್ಕೇ ಹೀಗೆ ಅಂತ ಎಲ್ಲ ಕಟ್ಟಿಕೊಂಡು ಸಮುದ್ರದಿಂದ ಒಳಗಿರೋ ಹೆಬ್ರಿ ಕಡೆಗೂ ಹೋದೆ, ಅಲ್ಲೂ ಅದೇ ಕತೆ.

ಆದದ್ದೆಂತ ಅಂದ್ರೆ ಈ ಫಿಲ್ಟರು ಬರೀ ಬಣ್ಣದ ಗಾಜಲ್ಲ, ಪದರ ಪದರ ಕೋಟಿಂಗ್. ಬೆಳಕು ಓರೆಯಾಗಿ ಬಿದ್ದಷ್ಟೂ ಅದು ಒಳಗೆ ಬಿಡೋ ಬ್ಯಾಂಡ್ ನೀಲಿ ಕಡೆ ಸರೀತದೆ. ಎಫ್/2ರಲ್ಲಿ ಅಂಚಿನ ಕಿರಣ ಸುಮಾರು 14 ಡಿಗ್ರಿ ಓರೆ, ಆಗ ಹೆಚ್ಚುಕಮ್ಮಿ 5 ನ್ಯಾನೊಮೀಟರ್ ಸರೀತದೆ, 656.3 ನ್ಯಾನೊಮೀಟರಲ್ಲಿರೋ ಹೈಡ್ರೋಜನ್ ಗೆರೆ (ನೆಬ್ಯುಲಾದ ಆ ಒಂದೇ ಬಣ್ಣದ ಬೆಳಕು) 3 ನ್ಯಾನೊಮೀಟರಿನ ಬ್ಯಾಂಡಿಂದ ಹೊರಗೇ ಉಳೀತದೆ. ನಕ್ಷತ್ರದ ಬೆಳಕಲ್ಲಿ ಎಲ್ಲ ಬಣ್ಣವೂ ಉಂಟಲ್ಲ, ಬ್ಯಾಂಡ್ ಎಲ್ಲಿಗೆ ಸರಿದ್ರೂ ಅದು ಬಂದೇ ಬರ್ತದೆ, ಫ್ಲಾಟ್ ಫ್ರೇಮೂ (ಸಮನಾದ ಬೆಳಕಿಗೆ ಹಿಡಿದು ತೆಗೆಯೋ ಚಿತ್ರ) ಹಾಗೇ, ಹಾಗಾಗಿ ಫಿಲ್ಟರ್ ಮೇಲೆ ನನಗೆ ಅನುಮಾನವೇ ಬರ್ಲಿಲ್ಲ. ಗೊತ್ತಾದದ್ದು ಲೆನ್ಸನ್ನ ಎಫ್/4ಕ್ಕೆ ಇಳಿಸಿದಾಗ, ಅಂದ್ರೆ ಅಂಚು ಮುಚ್ಚಿ ಬಾಯಿ ಸಣ್ಣ ಮಾಡಿದಾಗ. ಅದೇ ಎಕ್ಸ್‌ಪೋಶರಲ್ಲಿ ನಕ್ಷತ್ರಗಳ ಬೆಳಕು ಕಾಲು ಭಾಗಕ್ಕೆ ಇಳೀತು, ರೋಸೆಟ್ ಮಾತ್ರ ಹೆಚ್ಚೇನೂ ಕುಗ್ಲಿಲ್ಲ. ಅಂದ್ರೆ ಲೆನ್ಸಿನ ಅಂಚಿಂದ ಬರ್ತಿದ್ದ ಬೆಳಕು ನೆಬ್ಯುಲಾಕ್ಕೆ ಉಪಯೋಗವೇ ಆಗ್ತಿರ್ಲಿಲ್ಲ, ಎಫ್/2 ಅಂತ ಕೊಟ್ಟ ದುಡ್ಡೆಲ್ಲ ದಂಡ.

ನಿಮ್ಮ ರಾಸಾ 8ರಲ್ಲಿ ಇದು ಇನ್ನೂ ಜೋರು. ಅದ್ರಲ್ಲಿ ಕ್ಯಾಮರಾ ಎದುರಿಗೇ ನಡುವಲ್ಲಿ ಕೂತಿರ್ತದೆ, ನೇರ ಬರೋ ಕಿರಣಕ್ಕೆ ಅದೇ ಅಡ್ಡ, ಓರೆಯದ್ದು ಮಾತ್ರ ಉಳಿಯೋದು. ಹಾಗಾಗಿ ಬ್ಯಾಂಡನ್ನ ಮೊದಲೇ ಕೆಂಪು ಕಡೆಗೆ ಸರಿಸಿ ಮಾಡಿದ ಹೈಸ್ಪೀಡ್ ಫಿಲ್ಟರೇ ತಗೊಳ್ಳಿ, 6 ಅಥವಾ 7ರದ್ದು ಧಾರಾಳ ಸಾಕು. ದುಡ್ಡು ಸಾಲದಿದ್ರೆ ಈಗ ಎಚ್-ಆಲ್ಫಾ ಒಂದೇ ತಗೊಳ್ಳಿ, ಓ-3 (ಆಮ್ಲಜನಕದ ಬೆಳಕಿನ ಫಿಲ್ಟರ್) ಮತ್ತೆ ನೋಡುವ. ಮಾಮೂಲಿ 3ರದ್ದು ಅರ್ಧ ರೇಟಿಗೆ ಸಿಕ್ಕಿದ್ರೂ ಬೇಡ. ಮುಂದೆ ಎಫ್/7 ರಿಫ್ರಾಕ್ಟರ್ (ಲೆನ್ಸಿನ ಟೆಲಿಸ್ಕೋಪು, ಬೆಳಕು ಕಮ್ಮಿ ಓರೆ) ತಗೊಂಡ್ರೆ ಇದೇ ಹೈಸ್ಪೀಡ್ ಫಿಲ್ಟರ್ ಅದಕ್ಕೆ ಸರಿಯಾಗಿ ಹೊಂದ್ಲಿಕ್ಕಿಲ್ಲ, ಅಲ್ಲಿ ಗೆರೆ ಬ್ಯಾಂಡಿನ ಇನ್ನೊಂದು ಅಂಚಿಗೆ ಹೋಗ್ತದೆ, ಅದನ್ನೂ ಲೆಕ್ಕ ಹಾಕಿ. ಮತ್ತೆ ಮಳೆಗಾಲ ಪೂರ್ತಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲೇ ಇಡಿ, ನಮ್ಮೂರ ತೇವಕ್ಕೆ ಫಂಗಸ್ ಹಿಡೀಲಿಕ್ಕೆ ಹೆಚ್ಚು ದಿನ ಬೇಡ.