ಆಕಿಲೀಸ್ ಹೀರೋ ಹೇಗಾದ?

ಹೋಮರನ 'ಇಲಿಯಡ್' ಕಾವ್ಯದ ಟ್ರಾಯ್ ಯುದ್ಧದಲ್ಲಿ ಮುನಿಸಿಕೊಂಡು ಗುಡಾರದಲ್ಲಿ ಕುಳಿತು ತನ್ನವರನ್ನೇ ಸಾವಿಗೆ ಬಿಟ್ಟ ಆಕಿಲೀಸ್‌ನನ್ನು ಹೀರೋ ಎನ್ನುವುದು ಹೇಗೆ ಎಂದು ಕೇಳಿದ್ದೀರಿ. ತೊಡಕಿರುವುದು ಪದದಲ್ಲಿ. ಹೀರೋ ಎಂದರೆ ಒಳ್ಳೆಯವನು ಎಂಬುದು ನಮ್ಮ ಷರತ್ತು, ಗ್ರೀಕರದ್ದಲ್ಲ. ಅವರ ಆಚರಣೆಯಲ್ಲಿ 'ಹೀರೋಸ್' ಎಂದರೆ ಸತ್ತ ಮೇಲೂ ಶಕ್ತಿ ಉಳಿಸಿಕೊಂಡವನು, ಬಲಿ ಕೊಟ್ಟು ಒಲಿಸಿಕೊಳ್ಳಬೇಕಾದವನು.

ಪ್ರಾಚೀನ ಗ್ರೀಕ್ ಪ್ರವಾಸಿ ಲೇಖಕ ಪೌಸೇನಿಯಸ್ ಬರೆದಿಟ್ಟ ಕ್ಲಿಯೊಮಿಡೀಸ್‌ನ ಕಥೆ ನೋಡಿ. ಕ್ರಿ.ಪೂ. 492ರ ಒಲಿಂಪಿಕ್ಸ್‌ನಲ್ಲಿ ಈ ಮುಷ್ಟಿಮಲ್ಲ ಎದುರಾಳಿಯನ್ನು ಕೊಂದ, ಗೆಲುವು ಕೈತಪ್ಪಿತು. ಬುದ್ಧಿ ಕೆಟ್ಟು ಊರಿಗೆ ಮರಳಿದವನು ಸುಮಾರು 60 ಮಕ್ಕಳಿದ್ದ ಶಾಲೆಯ ಕಂಬವನ್ನು ಕಿತ್ತು ಚಾವಣಿಯನ್ನು ಅವರ ಮೇಲೆ ಕೆಡವಿದ. ಜನ ಕಲ್ಲು ಬೀಸುತ್ತ ಅಟ್ಟಿಸಿಕೊಂಡು ಬಂದಾಗ ಅಥೀನಾ ಗುಡಿಯ ಪೆಟ್ಟಿಗೆಯೊಳಗೆ ಅವಿತು ಮುಚ್ಚಳ ಎಳೆದುಕೊಂಡ. ಹಲಗೆ ಒಡೆದು ನೋಡಿದರೆ ಒಳಗೆ ಯಾರೂ ಇಲ್ಲ! ಡೆಲ್ಫಿಯ ದೇವವಾಣಿ ಹೇಳಿದ್ದೇನು ಗೊತ್ತೇ? ಇವನೇ ಕೊನೆಯ ಹೀರೋ, ಬಲಿ ಕೊಟ್ಟು ಗೌರವಿಸಿ. ಆ ಮಕ್ಕಳ ಹೆತ್ತವರಿಗೆ ಹೇಗಾಗಿರಬೇಡ!

ನಿಮ್ಮ ಮನಸ್ಸಿನಲ್ಲಿರುವ ರಕ್ಷಕ ಹೀರೋಗೂ ಗ್ರೀಕ್ ಬೇರಿದೆ, ಆದರೆ ಅದು ಗ್ರೀಕ್ ಪುರಾಣದ ಮಹಾಬಲಶಾಲಿ ಹೆರಾಕ್ಲೀಸ್‌ನ (ಹರ್ಕ್ಯುಲಿಸ್) ಕಡೆಯದು. ಹುಚ್ಚಿನಲ್ಲಿ ಸ್ವಂತ ಮಕ್ಕಳನ್ನು ಕೊಂದವನೇ ಅವನೂ. ಆದರೆ ಪ್ರೊಡಿಕಸ್ ಎಂಬ ಚಿಂತಕ ಅವನನ್ನು ಕವಲುದಾರಿಯಲ್ಲಿ ನಿಲ್ಲಿಸಿ, ಸುಖದ ಹಾದಿ ಬಿಟ್ಟು ಸದ್ಗುಣದ ಕಷ್ಟದ ಹಾದಿ ಹಿಡಿಯುವಂತೆ ಕಥೆ ಹೆಣೆದ. ಸದ್ಗುಣವೇ ಬದುಕಿನ ಗುರಿ ಎನ್ನುತ್ತಿದ್ದ ಸ್ಟೋಯಿಕ್ ಪಂಥದ ಚಿಂತಕರಿಗೂ ಈ ಹೆರಾಕ್ಲೀಸ್ ಹಿಡಿಸಿದ. 1938ರಲ್ಲಿ ಬಂದ ಸೂಪರ್‌ಮ್ಯಾನ್ ನನಗೆ ಇವನ ವಂಶದವನಂತೆಯೇ ಕಾಣುತ್ತಾನೆ.